ಆಳದ ನೀರು ದಾಟಿದ ಕಾರು ಮಿಸ್ ಹೊಡೆಯುತ್ತಿದ್ದರೆ: ದೋಷ ಹುಡುಕುವ ಕ್ರಮ

ತುಮಕೂರು ಜಿಲ್ಲೆ ಕೆರೆಗಳ ಸೀಮೆ. ಉತ್ತರೆ, ಹಸ್ತ, ಚಿತ್ತ ಮಳೆಗಳು ಒಂದರ ಹಿಂದೊಂದು ಜೋರಾಗಿ ಹಿಡಿದ ವರ್ಷ ಕೆರೆಗಳು ಕೋಡಿ ಬೀಳುತ್ತವೆ, ಕೋಡಿಯ ನೀರು ಹಳ್ಳಿಯ ರಸ್ತೆಗಳನ್ನು ಅಡ್ಡ ಹಾಯುತ್ತದೆ, ಜಯಮಂಗಲಿ ಹರಿಯುವ ಕೊರಟಗೆರೆ, ಮಧುಗಿರಿ ಭಾಗದ ತಗ್ಗು ಸೇತುವೆಗಳ ಮೇಲೆ ನೀರು ಏರುತ್ತದೆ, ರೈಲು ಹಳಿಯ ಕೆಳಗಿನ ಅಂಡರ್‌ಪಾಸ್‌ಗಳಲ್ಲಿ ಮಳೆ ಬಿಟ್ಟ ಮೇಲೂ ಬಹಳ ಹೊತ್ತು ನೀರು ನಿಂತಿರುತ್ತದೆ. ಅಂತಹ ವಾರಗಳಲ್ಲಿ ಗ್ಯಾರೇಜಿಗೆ ಬರುವ ದೂರು ಹೆಚ್ಚುಕಡಿಮೆ ಒಂದೇ: ನೀರು ದಾಟಿದ ಮೇಲೆ ಗಾಡಿ ಮಿಸ್ ಹೊಡೆಯುತ್ತಿದೆ, ಜರ್ಕ್ ಆಗುತ್ತಿದೆ, ಪಿಕಪ್ ಇಲ್ಲ.

ಈ ದೂರು ಕೇಳಿದ ಕೂಡಲೇ ನಾಲ್ಕು ಹೊಸ ಸ್ಪಾರ್ಕ್ ಪ್ಲಗ್ ಹಾಕಿ ಕಳಿಸುವ ಅಭ್ಯಾಸ ಬಹಳ ಕಡೆ ಇದೆ. ಒಂದೆರಡು ದಿನ ಕಾರು ಸರಿಯಾಗಿ ಓಡಿ, ಮತ್ತೆ ಅದೇ ದೂರಿನೊಂದಿಗೆ ವಾಪಸು ಬರುತ್ತದೆ. ನೀರಿನಿಂದ ಬರುವ ಮಿಸ್‌ಫೈರ್‌ಗೆ, ಅಂದರೆ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದೆ ಎಂಜಿನ್ ಕುಂಟುವುದಕ್ಕೆ, ಕಾರಣ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಅದು ಯಾವ ಹೊತ್ತಿಗೆ ಶುರುವಾಯಿತು ಎಂಬ ಒಂದು ವಿವರವೇ ಹೇಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನೀರಿನೊಳಗೇ ನಿಂತ ಎಂಜಿನ್, ನೀರು ದಾಟಿ ಕೆಲವು ನಿಮಿಷಗಳಲ್ಲಿ ಕುಂಟತೊಡಗಿದ ಎಂಜಿನ್, ಮಾರನೆಯ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನಡುಗುವ ಎಂಜಿನ್, ತಿಂಗಳು ಕಳೆದ ಮೇಲೆ ತೊಂದರೆ ಕೊಡುವ ಎಂಜಿನ್, ಇವುಗಳನ್ನು ಒಂದೇ ಕಡೆಯಿಂದ ಪರೀಕ್ಷಿಸಲು ಆರಂಭಿಸಬಾರದು.

ಆದ್ದರಿಂದ ಬಾನೆಟ್ ಎತ್ತುವ ಮೊದಲು ಕಾರು ಓಡಿಸಿದವರನ್ನೇ ಕೂರಿಸಿಕೊಂಡು ಕೇಳಬೇಕು. ನೀರು ಎಲ್ಲಿಯವರೆಗೆ ಬಂದಿತ್ತು, ಚಕ್ರದ ಅರ್ಧಕ್ಕೋ, ಬಂಪರಿನ ಮೇಲಕ್ಕೋ? ಎದುರಿನಿಂದ ಬಸ್ಸು ಲಾರಿ ಬಂದು ಅಲೆ ಎದ್ದಿತ್ತೇ? ಎಂಜಿನ್ ಧಡ್ ಎಂದು ಒಮ್ಮೆಗೇ ನಿಂತಿತೇ, ಕುಂಟುತ್ತಾ ಕುಂಟುತ್ತಾ ಆರಿತೇ? "ಸ್ವಾಮಿ, ನಿಂತ ಮೇಲೆ ಮತ್ತೆ ಸೆಲ್ಫ್ ಹೊಡೆದಿರಾ?" ಎಂಬ ಕೊನೆಯ ಪ್ರಶ್ನೆಗೆ ಹಲವರು ಸಂಕೋಚದಿಂದ ಇಲ್ಲವೆಂದುಬಿಡುತ್ತಾರೆ. ಯಾರನ್ನೂ ದೂರುವುದಕ್ಕಾಗಿ ಕೇಳುತ್ತಿಲ್ಲ, ಎಂಜಿನ್ ಬಿಚ್ಚಬೇಕೋ ಬೇಡವೋ ಎಂಬುದು ಈ ಉತ್ತರದ ಮೇಲೆ ನಿಂತಿದೆ ಎಂದು ತಿಳಿಸಿ ಹೇಳಿದರೆ ನಿಜ ಹೊರಬರುತ್ತದೆ.

ನೀರಿನೊಳಗೇ ನಿಂತ ಎಂಜಿನ್

ಎಂಜಿನ್ ನೀರಿನೊಳಗೇ ನಿಂತಿದ್ದರೆ, ಸಿಲಿಂಡರಿಗೆ ನೀರು ಹೋಗಿಲ್ಲವೆಂದು ಖಚಿತವಾಗುವವರೆಗೆ ಸೆಲ್ಫ್ ಹೊಡೆಯಲೇಬಾರದು. ಇದಕ್ಕೆ ಕಾರಣವನ್ನು ಲೆಕ್ಕದಲ್ಲಿಯೇ ನೋಡಬಹುದು. 1200 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿನ ಪಾಲು 300 ಸಿಸಿ. ಅದರ ಕಂಪ್ರೆಷನ್ ಅನುಪಾತ (ಪಿಸ್ಟನ್ ಕೆಳಗಿನ ತುದಿಯಲ್ಲಿದ್ದಾಗಿನ ಜಾಗಕ್ಕೂ ಮೇಲಿನ ತುದಿಯಲ್ಲಿದ್ದಾಗಿನ ಜಾಗಕ್ಕೂ ಇರುವ ಅನುಪಾತ) 10:1 ಎಂದಾದರೆ, ಪಿಸ್ಟನ್ ಮೇಲಿನ ತುದಿ ಮುಟ್ಟಿದಾಗ ತಲೆಯ ಮೇಲೆ ಉಳಿಯುವ ಜಾಗ ಸುಮಾರು 33 ಮಿಲಿಲೀಟರ್, ಅಂದರೆ 15 ಮಿಲಿಲೀಟರಿನ ಚಮಚದಲ್ಲಿ ಎರಡು ಚಮಚಕ್ಕಿಂತ ಸ್ವಲ್ಪ ಹೆಚ್ಚು. 1500 ಸಿಸಿಯ ಡೀಸೆಲ್ ಎಂಜಿನ್ನಿನಲ್ಲಿ ಅನುಪಾತ 16:1 ಇದ್ದರೆ ಆ ಜಾಗ 25 ಮಿಲಿಲೀಟರ್ ಮಾತ್ರ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಅಷ್ಟು ಜಾಗಕ್ಕೆ ಮೀರಿದ ನೀರು ಒಳಗಿದ್ದಾಗ ಪಿಸ್ಟನ್ ಮೇಲೇರಲು ಹೋದರೆ ಪಿಸ್ಟನ್ನನ್ನು ಕ್ರ್ಯಾಂಕ್ ಎಂಬ ತಿರುಗುವ ದಂಡಕ್ಕೆ ಜೋಡಿಸುವ ಕನೆಕ್ಟಿಂಗ್ ರಾಡ್ ನಡುವೆ ಸಿಕ್ಕಿ ಬಾಗುತ್ತದೆ. ಡೀಸೆಲ್ ಕಾರುಗಳಲ್ಲಿ ಈ ಹಾನಿ ಬೇಗ ಆಗುವುದಕ್ಕೆ ಈ ಸಣ್ಣ ಜಾಗವೇ ಕಾರಣ.

ಕಾರನ್ನು ತಳ್ಳಿ ಅಥವಾ ಎಳೆಸಿ ಒಣ ನೆಲಕ್ಕೆ ತಂದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಏರ್ ಫಿಲ್ಟರ್ ಡಬ್ಬಿಯನ್ನು ತೆರೆಯಬೇಕು. ಹಲವು ಕಾರುಗಳಲ್ಲಿ ಗಾಳಿ ಎಳೆಯುವ ಬಾಯಿ ಗ್ರಿಲ್‌ನ ಹಿಂದೆ ಅಥವಾ ಹೆಡ್‌ಲೈಟಿನ ಪಕ್ಕದಲ್ಲಿ ಇರುತ್ತದೆ. ನಿಂತ ನೀರು ಅಲ್ಲಿಗೆ ಮುಟ್ಟದಿದ್ದರೂ ಬಂಪರ್ ತಳ್ಳಿದ ಅಲೆ ಮುಟ್ಟುತ್ತದೆ. ಫಿಲ್ಟರ್ ಕಾಗದ ಒಣಗಿದ್ದು, ಡಬ್ಬಿಯ ತಳದಲ್ಲಿಯೂ ಎಂಜಿನ್ನಿಗೆ ಹೋಗುವ ಗಾಳಿಯನ್ನು ನಿಯಂತ್ರಿಸುವ ಥ್ರಾಟಲ್ ಬಾಡಿಯವರೆಗಿನ ಕೊಳವೆಯಲ್ಲಿಯೂ ತೇವ ಇಲ್ಲದಿದ್ದರೆ, ನೀರು ಒಳಗೆ ಹೋಗಿಲ್ಲವೆಂದು ಬಹುಮಟ್ಟಿಗೆ ನಂಬಬಹುದು. ಫಿಲ್ಟರ್ ಒದ್ದೆಯಾಗಿದ್ದರೆ, ಅಥವಾ ಅದರ ಒಳಬದಿಯಲ್ಲಿ ಮಣ್ಣಿನ ಗೆರೆ ಕಂಡರೆ, ಸಿಲಿಂಡರಿನಲ್ಲಿ ನೀರಿದೆ ಎಂದೇ ಭಾವಿಸಿ ಮುಂದುವರಿಯಬೇಕು.

ಆಗ ಫ್ಯೂಯಲ್ ಪಂಪಿನ ಫ್ಯೂಸ್ ತೆಗೆದು, ಸ್ಪಾರ್ಕಿಗೆ ವಿದ್ಯುತ್ತು ಕೊಡುವ ಕಾಯಿಲ್‌ಗಳ ಕಪ್ಲರ್ (ತಂತಿಯ ಜೋಡಣೆ) ಕಳಚಿ, ಎಲ್ಲ ಸ್ಪಾರ್ಕ್ ಪ್ಲಗ್‌ಗಳನ್ನೂ ಬಿಚ್ಚಿ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲಿಯೇ ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎಲ್ಲಿಯಾದರೂ ತಡೆದರೆ ಬಲ ಹಾಕಬಾರದು. ಅಲ್ಲಿಗೆ ಪರೀಕ್ಷೆ ಮುಗಿಯಿತು, ಎಂಜಿನ್ ಬಿಚ್ಚಬೇಕು. ಸರಾಗವಾಗಿ ತಿರುಗಿದರೆ ಪ್ಲಗ್‌ಗಳನ್ನು ಹಾಕದೆ, ಬ್ಯಾಟರಿ ಜೋಡಿಸಿ, ಕೆಲವೇ ಸೆಕೆಂಡು ಸೆಲ್ಫ್ ಹೊಡೆದರೆ ಉಳಿದ ನೀರು ಪ್ಲಗ್ ರಂಧ್ರಗಳಿಂದ ಚಿಮ್ಮುತ್ತದೆ. ಆ ಹೊತ್ತಿನಲ್ಲಿ ಎಂಜಿನ್ ಮೇಲೆ ಬಗ್ಗಿ ನೋಡುತ್ತಾ ನಿಲ್ಲಬಾರದು. ನೀರು ಪೂರ್ತಿ ಹೋದ ಮೇಲೆ ಪ್ರತಿ ಸಿಲಿಂಡರಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ಕೈಯಿಂದ ತಿರುಗಿಸಿದರೆ ಸಿಲಿಂಡರ್ ಗೋಡೆ ತುಕ್ಕು ಹಿಡಿಯುವುದು ತಪ್ಪುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಗ್ಲೋ ಪ್ಲಗ್ (ಸಿಲಿಂಡರನ್ನು ಬಿಸಿಮಾಡುವ ಕಡ್ಡಿ) ಅಥವಾ ಇಂಜೆಕ್ಟರ್ (ಇಂಧನ ಸಿಂಪಡಿಸುವ ಭಾಗ) ತೆಗೆಯಬೇಕಾಗುತ್ತದೆ. ಇಂಜೆಕ್ಟರುಗಳಿಗೆ ಡೀಸೆಲ್ ಒಯ್ಯುವ ಕಾಮನ್ ರೇಲ್ ಪೈಪುಗಳಲ್ಲಿ ಒತ್ತಡ ತೀರಾ ಹೆಚ್ಚಿರುವುದರಿಂದ ಅದು ಪಳಗಿದ ಕೈಯ ಕೆಲಸ.

ಟರ್ಬೊ ಇರುವ ಕಾರುಗಳಲ್ಲಿ ಇನ್ನೊಂದು ಜಾಗ ಬಹಳ ಸಲ ಮರೆತುಹೋಗುತ್ತದೆ. ಮುಂಭಾಗದಲ್ಲಿ ತಗ್ಗಿನಲ್ಲಿ ಕೂತು ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಮತ್ತು ಅದರ ಕೆಳಗಿನ ಹೋಸಿನಲ್ಲಿ ನೀರು ನಿಂತಿರುತ್ತದೆ. ಸಿಲಿಂಡರ್ ಒಣಗಿಸಿ, ಎಂಜಿನ್ ಸ್ಟಾರ್ಟ್ ಮಾಡಿ, ಐಡ್ಲಿಂಗ್ ಚೆನ್ನಾಗಿದೆಯೆಂದು ಒಮ್ಮೆ ಜೋರಾಗಿ ರೇಸ್ ಮಾಡಿದರೆ ಆ ನೀರೆಲ್ಲ ಒಟ್ಟಿಗೆ ಎಂಜಿನ್ನಿಗೆ ನುಗ್ಗುತ್ತದೆ. ನೀರಿನಲ್ಲಿ ಕೆಡದ ಎಂಜಿನ್ ಗ್ಯಾರೇಜಿನಲ್ಲಿ ಕೆಡುವುದು ಹೀಗೆ. ಕೆಳಗಿನ ಹೋಸ್ ಕಳಚಿ ನೀರು ಬಸಿಯದೆ ಟರ್ಬೊ ಕಾರನ್ನು ಸ್ಟಾರ್ಟ್ ಮಾಡಬಾರದು.

ಸ್ಟಾರ್ಟ್ ಮಾಡುವ ಮುನ್ನ ಡಿಪ್‌ಸ್ಟಿಕ್ ಎಳೆದು ಆಯಿಲ್ ನೋಡುವುದೂ ಇದೇ ಹಂತಕ್ಕೆ ಸೇರಿದ ಕೆಲಸ. ಆಯಿಲ್ ಮಟ್ಟ ಏರಿದ್ದು, ಅದು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಆಯಿಲ್ ಮತ್ತು ಫಿಲ್ಟರ್ ಬದಲಿಸದೆ ಎಂಜಿನ್ ಓಡಿಸಿದರೆ ಬೇರಿಂಗ್‌ಗಳು ಹೋಗುತ್ತವೆ. ಬರೀ ಹತ್ತಿರದ ಓಡಾಟಕ್ಕೆ ಬಳಸುವ ಕಾರಿನಲ್ಲಿ ಆಯಿಲ್ ಮುಚ್ಚಳದ ಒಳಬದಿ ಸ್ವಲ್ಪ ಕೆನೆಗಟ್ಟಿರುವುದು ಮಾತ್ರ ಬೇರೆ ವಿಷಯ, ಅದು ಒಳಗಿನ ಆವಿ ತಣಿದು ಕೂತದ್ದು. ಡಿಪ್‌ಸ್ಟಿಕ್ ಏನು ಹೇಳುತ್ತದೆಯೋ ಅದನ್ನೇ ನಂಬಬೇಕು.

ವಿಮೆಯ ಬಗ್ಗೆಯೂ ಇಲ್ಲಿಯೇ ಹೇಳಬೇಕು, ಏಕೆಂದರೆ ಬಿಚ್ಚಿದ ಮೇಲೆ ಹೇಳಿ ಪ್ರಯೋಜನವಿಲ್ಲ. ಸಾಮಾನ್ಯ ಸಮಗ್ರ ವಿಮೆಯಲ್ಲಿ, ನೀರಿನಲ್ಲಿ ನಿಂತ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಆದ ಹಾನಿಗೆ ಹಣ ಸಿಗುವುದು ಕಷ್ಟ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇದ್ದರೂ ಅದರ ಷರತ್ತುಗಳನ್ನು ಓದಿ, ನೀರಿನ ಗೆರೆ ಕಾಣುವಂತೆ ಫೋಟೊ ತೆಗೆದು, ಸರ್ವೇಯರ್ ನೋಡಿದ ಮೇಲೆಯೇ ಎಂಜಿನ್ ಬಿಚ್ಚುವುದು ಮಾಲೀಕರಿಗೆ ಒಳ್ಳೆಯದು.

ದಡ ಸೇರಿ ಕೆಲವೇ ನಿಮಿಷಗಳಲ್ಲಿ ಶುರುವಾದ ಮಿಸ್‌ಫೈರ್

ಹೆಚ್ಚಿನ ಕಾರುಗಳು ಬರುವುದು ಈ ದೂರಿನೊಂದಿಗೆ. ಎಂಜಿನ್ ನೀರಿನಲ್ಲಿ ನಿಲ್ಲಲಿಲ್ಲ, ದಾಟಿತು, ಸ್ವಲ್ಪ ದೂರ ಹೋಗುವಷ್ಟರಲ್ಲಿ ಕುಂಟತೊಡಗಿತು, ಚೆಕ್ ಎಂಜಿನ್ ದೀಪ ಹತ್ತಿತು. ಪೆಟ್ರೋಲ್ ಕಾರಾಗಿದ್ದರೆ ಕಾರಣ ಬಹುಪಾಲು ಇಗ್ನಿಷನ್ನಿನಲ್ಲಿ ಇರುತ್ತದೆ.

ಈಗಿನ ಪೆಟ್ರೋಲ್ ಎಂಜಿನ್‌ಗಳಲ್ಲಿ ಪ್ರತಿ ಪ್ಲಗ್ಗಿನ ಮೇಲೂ ಒಂದೊಂದು ಇಗ್ನಿಷನ್ ಕಾಯಿಲ್ ಕೂತಿರುತ್ತದೆ, ಪ್ಲಗ್ ಇರುವುದು ಸಿಲಿಂಡರ್ ಹೆಡ್ಡಿನ ಆಳವಾದ ಕುಳಿಯ ತಳದಲ್ಲಿ. ಫ್ಯಾನ್ ಎರಚಿದ ನೀರು ಕಾಯಿಲ್‌ನ ರಬ್ಬರ್ ಸೀಲ್ ಹಳೆಯದಾಗಿದ್ದರೆ ಕುಳಿಯೊಳಗೆ ಇಳಿಯುತ್ತದೆ, ಇಳಿದದ್ದು ಸುಲಭವಾಗಿ ಹೊರಬರುವುದಿಲ್ಲ. ಸ್ಪಾರ್ಕಿಗೆ ಬೇಕಾದ ವಿದ್ಯುತ್ತು ಹತ್ತಾರು ಸಾವಿರ ವೋಲ್ಟಿನದು. ಕಾಯಿಲನ್ನು ಪ್ಲಗ್ಗಿಗೆ ಸೇರಿಸುವ ರಬ್ಬರ್ ಬೂಟ್ ಒದ್ದೆಯಾಗಿ, ಅದರ ಮೈಮೇಲೆ ಹೆಡ್ಡಿನ ಕಡೆಗೆ ಸುಲಭದ ದಾರಿ ಸಿಕ್ಕರೆ ಅದು ಪ್ಲಗ್ಗಿನ ತುದಿಗೆ ಹೋಗದೆ ಅಲ್ಲೇ ಸೋರಿಹೋಗುತ್ತದೆ, ಸಿಲಿಂಡರಿನ ಪೆಟ್ರೋಲ್ ಉರಿಯದೆ ಹೊರಬೀಳುತ್ತದೆ.

ನಮ್ಮ ಕಡೆಯ ನೀರಿಗೆ ಒಂದು ವಿಶೇಷವಿದೆ. ಕೋಡಿ ನೀರಿನಲ್ಲಿಯೂ ಅಂಡರ್‌ಪಾಸಿನ ನೀರಿನಲ್ಲಿಯೂ ಕೆಂಪು ಮಣ್ಣು ಮತ್ತು ಕೆರೆಯ ಗೋಡಿನ ನುಣ್ಣನೆಯ ಕಣ ಬೆರೆತಿರುತ್ತದೆ. ನೀರು ಒಣಗಿದರೂ ಆ ಮಣ್ಣಿನ ಪದರ ಬೂಟಿನ ಒಳಮೈಗೂ ಪ್ಲಗ್ಗಿನ ಪಿಂಗಾಣಿಗೂ ಅಂಟಿಕೊಂಡು ಉಳಿಯುತ್ತದೆ, ತಂಪು ಬೆಳಗಿನಲ್ಲಿ ತೇವ ಹೀರಿ ಮತ್ತೆ ವಿದ್ಯುತ್ತಿಗೆ ದಾರಿಯಾಗುತ್ತದೆ. ಬಿಸಿಲಿಗೆ ನಿಲ್ಲಿಸಿದ ಮೇಲೆ ಸರಿಯಾದ ಕಾರು ಮಾರನೆಯ ಬೆಳಿಗ್ಗೆ ಮತ್ತೆ ನಡುಗುವುದು ಇದರಿಂದಲೇ. ಸೋರಿದ ವಿದ್ಯುತ್ತು ಕೆಲವು ದಿನ ಅದೇ ದಾರಿಯಲ್ಲಿ ಹರಿದರೆ ರಬ್ಬರಿನ ಮೇಲೂ ಪಿಂಗಾಣಿಯ ಮೇಲೂ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಬೀಳುತ್ತದೆ. ಆ ಇಂಗಾಲದ ಗೆರೆ ಬಿದ್ದ ಮೇಲೆ ಎಷ್ಟು ಒಣಗಿಸಿದರೂ ಪ್ರಯೋಜನವಿಲ್ಲ, ಬೂಟ್ ಮತ್ತು ಪ್ಲಗ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಹಳೆಯ ಬೂಟಿಗೆ ಹೊಸ ಪ್ಲಗ್ ಹಾಕಿದರೆ ಬೂಟಿನ ಗೆರೆ ಹೊಸ ಪ್ಲಗ್ಗಿನ ಮೇಲೂ ಗೆರೆ ಮೂಡಿಸುತ್ತದೆ. ನಾಲ್ಕು ಹೊಸ ಪ್ಲಗ್ ಹಾಕಿದ ಕಾರು ವಾಪಸು ಬರುವ ಕಾರಣ ಇದು.

ಕೆಲಸಕ್ಕೆ ಕೈಹಾಕುವಾಗ ಮೊದಲು ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿ ಅದರಲ್ಲಿ ದಾಖಲಾದ ದೋಷದ ಕೋಡ್ ಬರೆದುಕೊಳ್ಳಬೇಕು, ಅಳಿಸಬಾರದು. ಪಿ0301 ಎಂದರೆ ಒಂದನೆಯ ಸಿಲಿಂಡರಿನ ಮಿಸ್‌ಫೈರ್, ಪಿ0302 ಎರಡನೆಯದು, ಹೀಗೆ ಮುಂದೆ. ಪಿ0300 ಬಂದಿದ್ದರೆ ಒಂದೇ ಸಿಲಿಂಡರ್ ಎಂದು ಗುರುತಿಸಲಾಗಿಲ್ಲ. ಒಂದು ಸಿಲಿಂಡರಿನ ಕೋಡ್ ಇದ್ದರೆ ಕಾಯಿಲ್, ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ (ಪಿಸ್ಟನ್ ಮೇಲೇರಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ) ಈ ನಾಲ್ಕರಲ್ಲಿ ಒಂದು. ಪಿ0300 ಒಂದೇ ಇದ್ದರೆ ಎಲ್ಲ ಸಿಲಿಂಡರಿಗೂ ಸಮಾನವಾದ ಗಾಳಿ, ಇಂಧನ, ವೋಲ್ಟೇಜಿನ ಕಡೆ ನೋಡಬೇಕು. ದೋಷ ದಾಖಲಾದ ಕ್ಷಣದ ಆರ್‌ಪಿಎಂ, ಎಂಜಿನ್ ಬಿಸಿ, ಲೋಡ್ ಇವನ್ನು ಕಂಪ್ಯೂಟರ್ ಉಳಿಸಿಟ್ಟಿರುತ್ತದೆ. ತುಂಬಾ ಜನ ಕೋಡ್ ನೋಡಿ ಅದನ್ನು ಬಿಟ್ಟುಬಿಡುತ್ತಾರೆ, ಆದರೆ ಐಡ್ಲಿಂಗಿನಲ್ಲಿ ಮಿಸ್ ಆಯಿತೇ ಏರಿನಲ್ಲಿ ಆಯಿತೇ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಚೆಕ್ ಎಂಜಿನ್ ದೀಪ ಮಿಣುಕುತ್ತಿದ್ದರೆ, ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ ಅದನ್ನು ಸುಡುವ ಹಂತದಲ್ಲಿದೆ ಎಂದು ತಿಳಿದು ಓಡಿಸುವುದನ್ನು ನಿಲ್ಲಿಸಬೇಕು. 2020ರ ಏಪ್ರಿಲ್ 1ರಿಂದ ಕಡ್ಡಾಯವಾದ ಬಿಎಸ್6 ಹೊಗೆ ನಿಯಮದ ಕಾರುಗಳಲ್ಲಿ ಕನ್ವರ್ಟರ್ ಬೆಲೆ ಕಾಯಿಲ್ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚು. "ತುಮಕೂರಿನವರೆಗೆ ಹೇಗಾದರೂ ಓಡಿಸಿಕೊಂಡು ಬನ್ನಿ" ಎಂದು ಫೋನಿನಲ್ಲಿ ಹೇಳುವುದು ಮಾಲೀಕರಿಗೆ ಮಾಡುವ ಅನ್ಯಾಯ.

ಬಳಿಕ ಕಾಯಿಲ್ ಕಳಚಬೇಕು. ಕಾಯಿಲ್ ಮೇಲೆತ್ತಿದ ಕೂಡಲೇ ಪ್ಲಗ್ ಬಿಚ್ಚಲು ಹೋಗದೆ ಕುಳಿಯೊಳಗೆ ಟಾರ್ಚ್ ಬಿಟ್ಟು ನೋಡಬೇಕು. ನೀರಿದ್ದರೆ ಮೊದಲು ಹೀರಿ ತೆಗೆದು, ಕಂಪ್ರೆಸರ್ ಗಾಳಿಯಿಂದ ಮಣ್ಣು ಹೊರಗೆ ಊದಿಸಬೇಕು. ಹಾಗೆ ಮಾಡದೆ ಪ್ಲಗ್ ಸಡಿಲಿಸಿದರೆ ನೀರೂ ಕೆಸರೂ ನೇರವಾಗಿ ಸಿಲಿಂಡರಿಗೆ ಇಳಿಯುತ್ತವೆ. ಊದಿಸುವಾಗ ಕಣ್ಣಿಗೆ ಕನ್ನಡಕ ಇರಲಿ. ಬೂಟಿನ ಒಳಗನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ಗೆರೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಪೂರ್ತಿ ಒಣಗಿದ ಮೇಲೆ ಬೂಟಿನ ಬಾಯಿಯ ಒಳಗೆ ತೆಳುವಾಗಿ ವಿದ್ಯುತ್ತು ಹರಿಯದ ಡೈಎಲೆಕ್ಟ್ರಿಕ್ ಗ್ರೀಸ್ ಸವರಬೇಕು. ಸಾದಾ ಗ್ರೀಸ್ ರಬ್ಬರನ್ನು ಹಾಳುಮಾಡುತ್ತದೆ. ಪ್ಲಗ್ಗಿನ ಬಿಗಿ ಆಯಾ ಎಂಜಿನ್ನಿನ ಕೈಪಿಡಿಯಲ್ಲಿ ಇರುವಷ್ಟೇ ಇರಬೇಕು, ಅಂದಾಜಿನ ಬಿಗಿಯಿಂದ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಪ್ಲಗ್ ಕೂರುವ ತಿರುಪಿನ ಎಳೆ ಹೋದರೆ ನೀರಿನ ತೊಂದರೆಯೇ ಸಣ್ಣದೆನಿಸುತ್ತದೆ.

ಯಾವ ಭಾಗ ಕೆಟ್ಟಿದೆ ಎಂದು ಖರ್ಚಿಲ್ಲದೆ ತಿಳಿಯುವ ದಾರಿ ಅದಲುಬದಲು. ಎರಡನೆಯ ಸಿಲಿಂಡರ್ ಮಿಸ್ ಆಗುತ್ತಿದ್ದರೆ ಅದರ ಕಾಯಿಲನ್ನು ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಎರಡನೆಯದಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ ನೋಡಬೇಕು. ದೋಷ ಪಿ0303 ಆಗಿ ಬಂದರೆ ಕಾಯಿಲ್ ಕೆಟ್ಟಿದೆ. ಪಿ0302 ಆಗಿಯೇ ಉಳಿದರೆ ಪ್ಲಗ್ಗನ್ನು, ಆಮೇಲೆ ಇಂಜೆಕ್ಟರ್ ಕಪ್ಲರನ್ನು ನೋಡಬೇಕು. ಒಂದು ಸಲಕ್ಕೆ ಒಂದೇ ಭಾಗ ಬದಲಿಸುವ ತಾಳ್ಮೆ ಇಲ್ಲದಿದ್ದರೆ ಈ ಪರೀಕ್ಷೆಗೆ ಅರ್ಥವಿಲ್ಲ. ಎಂಜಿನ್ ಓಡುವಾಗ ಕಾಯಿಲ್ ಕಪ್ಲರ್ ಒಂದೊಂದಾಗಿ ಕಳಚಿ ಸತ್ತ ಸಿಲಿಂಡರ್ ಹುಡುಕುವ ಹಳೆಯ ಪದ್ಧತಿಯನ್ನು ಈಗಿನ ಕಾರಿನಲ್ಲಿ ಬಳಸದಿರುವುದು ಮೇಲು. ಬೇಕೇಬೇಕೆಂದರೆ ಇಂಜೆಕ್ಟರಿನ ಕಪ್ಲರ್ ಕಳಚಿದರೆ ಹಸಿ ಪೆಟ್ರೋಲ್ ಕನ್ವರ್ಟರಿಗೆ ಹೋಗುವುದಿಲ್ಲ.

ಐಡ್ಲಿಂಗಿನಲ್ಲಿ ಚೆನ್ನಾಗಿದ್ದು ಏರಿನಲ್ಲಿ ಮಾತ್ರ ಮಿಸ್ ಆಗುವ ಕಾರಿನ ದೋಷ ಷೆಡ್ಡಿನಲ್ಲಿ ಕಾಣುವುದಿಲ್ಲ. ಲೋಡ್ ಹೆಚ್ಚಿದಂತೆ ಸಿಲಿಂಡರಿನ ಒತ್ತಡ ಏರಿ, ಪ್ಲಗ್ಗಿನ ಅಂತರ ದಾಟಲು ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಆಗಲೇ ಅದು ಬೂಟಿನ ಗೆರೆಯಲ್ಲಿ ಸೋರುತ್ತದೆ. ದೇವರಾಯನದುರ್ಗದ ಏರಿನಂತಹ ರಸ್ತೆಯಲ್ಲಿ ಇಬ್ಬರನ್ನು ಕೂರಿಸಿಕೊಂಡು, ಸ್ಕ್ಯಾನರಿನಲ್ಲಿ ಪ್ರತಿ ಸಿಲಿಂಡರಿನ ಮಿಸ್‌ಫೈರ್ ಎಣಿಕೆ ತೆರೆದಿಟ್ಟು ಎತ್ತರದ ಗೇರಿನಲ್ಲಿ ಹತ್ತಿಸಿದರೆ ಅಡಗಿದ ದೋಷ ಎದುರಿಗೆ ಬರುತ್ತದೆ.

ಸೆನ್ಸರುಗಳು, ಗಾಳಿ, ವಿದ್ಯುತ್ತು

ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಎಂಜಿನ್ನಿನ ಕೆಳಭಾಗದಲ್ಲಿ ಇರುವುದರಿಂದ ನೀರು ಮೊದಲು ಮುಟ್ಟುವ ಭಾಗಗಳಲ್ಲಿ ಅದೂ ಒಂದು. ಅದರ ಕಪ್ಲರಿಗೆ ನೀರು ಹೋದರೆ ಎಂಜಿನ್ ಓಡುತ್ತಿದ್ದಂತೆಯೇ ಆರುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ. ಈ ಸೆನ್ಸರಿನ ದೋಷ ಹೇಳುವ ಪಿ0335 ಕೋಡ್ ಇದ್ದರೆ, ಅಥವಾ ಸೆಲ್ಫ್ ಹೊಡೆಯುವಾಗ ಸ್ಕ್ಯಾನರಿನಲ್ಲಿ ಆರ್‌ಪಿಎಂ ಸೊನ್ನೆಯಲ್ಲಿಯೇ ಉಳಿದರೆ ಅಲ್ಲಿ ನೋಡಬೇಕು.

ಗಾಳಿಯ ಪ್ರಮಾಣ ಅಳೆಯುವ ಏರ್ ಫ್ಲೋ ಸೆನ್ಸರ್ ಇರುವ ಕಾರಿನಲ್ಲಿ ಅದರ ಬಿಸಿ ತಂತಿಯ ಮೇಲೆ ಮಣ್ಣು ಕೂತರೆ ಒಳಬರುವ ಗಾಳಿ ಕಡಿಮೆ ಎಂದು ತೋರಿಸುತ್ತದೆ, ಕಂಪ್ಯೂಟರ್ ಪೆಟ್ರೋಲನ್ನು ಕಡಿಮೆ ಬಿಡುತ್ತದೆ, ಎಲ್ಲ ಸಿಲಿಂಡರುಗಳೂ ಹಸಿದು ಜರ್ಕ್ ಹೊಡೆಯುತ್ತವೆ. ಪಿ0300 ಜೊತೆಗೆ, ಗಾಳಿಗೆ ತಕ್ಕಷ್ಟು ಇಂಧನ ಇಲ್ಲವೆಂದು ಹೇಳುವ ಪಿ0171 ಬಂದಿದ್ದರೆ ಈ ಅನುಮಾನ ಗಟ್ಟಿಯಾಗುತ್ತದೆ. ಅದಕ್ಕೆಂದೇ ಇರುವ ಸ್ಪ್ರೇಯಿಂದ ಮಾತ್ರ ತೊಳೆಯಬೇಕು, ತಂತಿಯನ್ನು ಬಟ್ಟೆಯಿಂದಾಗಲಿ ಬೆರಳಿನಿಂದಾಗಲಿ ಮುಟ್ಟಬಾರದು. ಒದ್ದೆ ಫಿಲ್ಟರನ್ನು ಒಣಗಿಸಿ ಮತ್ತೆ ಹಾಕುವುದರಲ್ಲಿ ಉಳಿತಾಯವಿಲ್ಲ, ಹೊಸದೇ ಹಾಕಬೇಕು.

ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಕಾದಿರುವಾಗ ಅದರ ಒಳಗಿರುವ ಪಿಂಗಾಣಿ ತಣ್ಣೀರು ಬಿದ್ದು ಸೀಳುವುದುಂಟು. ಕನ್ವರ್ಟರಿನ ಒಳಗಿನ ಪಿಂಗಾಣಿ ಜಾಲವೂ ಹಾಗೆಯೇ ಒಡೆಯಬಹುದು. ಒಡೆದ ಚೂರು ದಾರಿ ಮುಚ್ಚಿದರೆ ಕಾರು ಎಳೆಯುವುದಿಲ್ಲ, ಆದರೆ ಅದು ಒಂದು ಸಿಲಿಂಡರಿನ ಕುಂಟುವಿಕೆ ಆಗಿರುವುದಿಲ್ಲ. ತಣ್ಣಗಿರುವಾಗ ಕನ್ವರ್ಟರನ್ನು ರಬ್ಬರ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿದರೆ ಒಳಗೆ ಗಲಗಲ ಸದ್ದು ಕೇಳುತ್ತದೆ.

ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕೆಳಗೆ ಇರುವ ಕಾರುಗಳಲ್ಲಿ ಅದರೊಳಗೆ ಕೆಸರು ಸೇರಿ ಚಾರ್ಜ್ ಕುಸಿಯುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ಇರುತ್ತದೆ. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಬೇಕೆಂದು ತಗ್ಗಿಸುವುದರಿಂದ ಹೆಡ್‌ಲೈಟ್ ಹಾಕಿ ಅಳೆಯಬೇಕು. ಅರ್ಥ್ ತಂತಿಯನ್ನು ಪರೀಕ್ಷಿಸಲು ಮೀಟರಿನ ಒಂದು ಕಡ್ಡಿಯನ್ನು ಎಂಜಿನ್ ಬ್ಲಾಕಿಗೂ ಇನ್ನೊಂದನ್ನು ಬ್ಯಾಟರಿ ನೆಗೆಟಿವ್‌ಗೂ ಇಟ್ಟು, ಎಂಜಿನ್ ಓಡುತ್ತಾ ಲೈಟು ಎಸಿ ಹಾಕಿದಾಗ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ತಂತಿ ಅಥವಾ ಬೋಲ್ಟ್ ತುಕ್ಕು ಹಿಡಿದಿದೆ. ಹೈಬ್ರಿಡ್ ಕಾರಿನಲ್ಲಿ ಹೆಚ್ಚು ವೋಲ್ಟೇಜಿನ ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರ ಕೈ ಹೋಗಬಾರದು, ಅದು ಆ ತರಬೇತಿ ಪಡೆದವರ ಕೆಲಸ.

ಟ್ಯಾಂಕಿನಲ್ಲಿ ನೀರು

ಕಾರು ನೀರಿನಲ್ಲಿ ಬಹಳ ಹೊತ್ತು ನಿಂತಿದ್ದು, ಸ್ಟಾರ್ಟ್ ಆದ ಮೇಲೆ ಎಲ್ಲ ಸಿಲಿಂಡರುಗಳೂ ಹೊತ್ತುಹೊತ್ತಿಗೆ ಮಿಸ್ ಆಗುತ್ತಿದ್ದರೆ ಟ್ಯಾಂಕನ್ನು ಅನುಮಾನಿಸಬೇಕು. ಮುಚ್ಚಳದ ರಬ್ಬರ್ ಹೋಗಿದ್ದರೆ ಅಥವಾ ಬ್ರೀದರ್ ಕೊಳವೆ ಮುಳುಗಿದ್ದರೆ ನೀರು ಒಳಗೆ ಸೇರುತ್ತದೆ. ನೀರು ಪೆಟ್ರೋಲಿಗಿಂತ ಭಾರ. ತಳದಲ್ಲಿ ಕೂರುತ್ತದೆ, ಪಂಪ್ ಎಳೆಯುವುದೂ ತಳದಿಂದಲೇ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಇ20 ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ. ಎಥನಾಲ್ ಸ್ವಲ್ಪ ನೀರನ್ನು ತನ್ನಲ್ಲಿ ಕರಗಿಸಿಕೊಳ್ಳುತ್ತದೆ, ಮಿತಿ ಮೀರಿದರೆ ನೀರಿನೊಂದಿಗೆ ತಾನೂ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಆಗ ಎಂಜಿನ್ನಿಗೆ ಹೋಗುವುದು ಪೆಟ್ರೋಲೇ ಅಲ್ಲ, ಮೇಲೆ ಉಳಿದ ಪೆಟ್ರೋಲಿನ ಗುಣವೂ ಇಳಿದಿರುತ್ತದೆ. ಬೆಂಕಿಯಿಂದ ದೂರ, ಗಾಳಿಯಾಡುವ ಜಾಗದಲ್ಲಿ, ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಇಂಧನ ಹಿಡಿದು ಅಲುಗಿಸದೆ ಇಟ್ಟರೆ ಪದರ ಕಣ್ಣಿಗೆ ಕಾಣುತ್ತದೆ. ಪದರ ಕಂಡರೆ ಟ್ಯಾಂಕ್ ಪೂರ್ತಿ ಬರಿದು ಮಾಡುವುದೇ ಪರಿಹಾರ, ಮೇಲಿನಿಂದ ಹೊಸ ಪೆಟ್ರೋಲ್ ತುಂಬಿಸುವುದರಿಂದ ಸರಿಹೋಗುವುದಿಲ್ಲ.

ಡೀಸೆಲ್ ಕಾರಿನಲ್ಲಿ ಫಿಲ್ಟರಿನ ತಳದ ನೀರು ಬಸಿಯುವ ತಿರುಪನ್ನು ಸಡಿಲಿಸಿ ನೋಡುವುದೇ ಮೊದಲ ಕೆಲಸ. ನೀರು ಬಂದರೆ ಶುದ್ಧ ಡೀಸೆಲ್ ಬರುವವರೆಗೆ ಬಸಿದು, ಫಿಲ್ಟರ್ ಬದಲಿಸಿ, ಟ್ಯಾಂಕ್ ನೋಡುವವರೆಗೆ ಎಂಜಿನ್ ಓಡಿಸಬಾರದು. ಅಧಿಕ ಒತ್ತಡದ ಪಂಪಿಗೂ ಇಂಜೆಕ್ಟರಿಗೂ ಡೀಸೆಲ್ಲೇ ಜಿಡ್ಡು, ನೀರಿಗೆ ಆ ಗುಣವಿಲ್ಲ.

ವಾರಗಳ ನಂತರ ಬರುವ ದೋಷ

ಮಳೆಗಾಲ ಮುಗಿದು, ನೀರು ದಾಟಿದ್ದನ್ನೇ ಮಾಲೀಕರು ಮರೆತಿರುವಾಗ ಬರುವ ಮಿಸ್‌ಫೈರ್‌ಗೆ ಎರಡು ಮೂಲಗಳಿವೆ. ಮೊದಲನೆಯದು ಕಪ್ಲರಿನ ಒಳಗೆ ನಿಂತ ತೇವ. ತಾಮ್ರದ ಪಿನ್ನುಗಳ ಮೇಲೆ ಹಸಿರು ಪುಡಿ ಕಟ್ಟಿ ಸಂಪರ್ಕ ಬಿಟ್ಟುಬಿಟ್ಟು ಸಿಗುತ್ತದೆ. ಎಂಜಿನ್ ಓಡುತ್ತಿರುವಾಗ ವೈರಿಂಗನ್ನು ಸ್ವಲ್ಪ ಸ್ವಲ್ಪವಾಗಿ ಅಲುಗಿಸುತ್ತಾ ಹೋದರೆ ಯಾವ ಜಾಗದಲ್ಲಿ ಎಂಜಿನ್ ತಡವರಿಸುತ್ತದೆ ಎಂದು ತಿಳಿಯುತ್ತದೆ. ಆ ಕಪ್ಲರನ್ನು ಕಳಚಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಪಿನ್ ಸಡಿಲಾಗಿದ್ದರೆ ಬದಲಿಸಬೇಕು. ಉಪ್ಪುಕಾಗದದಿಂದ ಉಜ್ಜಿದರೆ ಪಿನ್ನಿನ ಲೇಪ ಹೋಗಿ ತುಕ್ಕು ಇನ್ನೂ ಬೇಗ ಮರಳುತ್ತದೆ.

ಎರಡನೆಯದು ಸ್ವಲ್ಪವೇ ಬಾಗಿದ ಕನೆಕ್ಟಿಂಗ್ ರಾಡ್, ಇದು ಎಲ್ಲಕ್ಕಿಂತ ಅಪಾಯದ್ದು. ಪೂರ್ತಿ ಬಾಗಿದ ರಾಡ್ ಅಲ್ಲೇ ಸದ್ದು ಮಾಡಿ ತನ್ನನ್ನು ತೋರಿಸಿಕೊಳ್ಳುತ್ತದೆ. ಸ್ವಲ್ಪ ಬಾಗಿದ್ದು ಐಡ್ಲಿಂಗಿನ ಸಣ್ಣ ನಡುಕವೊಂದನ್ನು ಬಿಟ್ಟರೆ ಏನನ್ನೂ ತೋರಿಸದೆ ವಾರಗಟ್ಟಲೆ ಓಡಿ, ಒಂದು ದಿನ ಹೆದ್ದಾರಿಯ ವೇಗದಲ್ಲಿ ಮುರಿದು ಬ್ಲಾಕನ್ನೇ ಒಡೆಯಬಹುದು. ಕಾಯಿಲ್, ಪ್ಲಗ್, ಇಂಜೆಕ್ಟರ್ ಎಲ್ಲವೂ ಸರಿಯಿದ್ದು ಒಂದೇ ಸಿಲಿಂಡರಿನ ಕೋಡ್ ಹೋಗದಿದ್ದರೆ ಕಂಪ್ರೆಷನ್ ಅಳೆಯದೆ ಕಾರನ್ನು ಹಿಂತಿರುಗಿಸಬಾರದು.

ಎಂಜಿನ್ ಬಿಸಿಯಾಗಿರುವಾಗ, ಇಂಧನವೂ ಸ್ಪಾರ್ಕೂ ಇಲ್ಲದಂತೆ ಮಾಡಿ, ಎಲ್ಲ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದಿಟ್ಟು, ಪ್ರತಿ ಸಿಲಿಂಡರಿಗೂ ಅಷ್ಟೇ ಸುತ್ತು ಸೆಲ್ಫ್ ಹೊಡೆದು ಅಳೆಯಬೇಕು. ಪೆಟ್ರೋಲ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 150ರಿಂದ 200 ಪಿಎಸ್‌ಐ (ಒತ್ತಡದ ಅಳತೆ) ಸಿಗುತ್ತದೆ, ಆದರೆ ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಉದಾಹರಣೆಗೆ ಮೂರು ಸಿಲಿಂಡರುಗಳಲ್ಲಿ 175 ಬಂದು ಒಂದರಲ್ಲಿ 150 ಬಂದರೆ ಅದು ಕಡೆಗಣಿಸುವ ವ್ಯತ್ಯಾಸವಲ್ಲ. ಆ ಸಿಲಿಂಡರಿಗೆ ಒಂದು ಟೀ ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಚೆನ್ನಾಗಿ ಏರಿದರೆ ಸೋರಿಕೆ ಪಿಸ್ಟನ್ ರಿಂಗಿನಲ್ಲಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಇರಬಹುದು, ಇಲ್ಲವೇ ರಾಡ್ ಗಿಡ್ಡವಾಗಿದೆ. ಗಾಳಿ ತುಂಬಿ ಸೋರಿಕೆ ಅಳೆಯುವ ಲೀಕ್‌ಡೌನ್ ಪರೀಕ್ಷೆಯಲ್ಲಿ ಆ ಸಿಲಿಂಡರ್ ಉಳಿದವುಗಳಷ್ಟೇ ಗಟ್ಟಿಯಾಗಿ ಗಾಳಿ ಹಿಡಿದರೆ, ಅನುಮಾನ ಬಹುಪಾಲು ರಾಡಿನ ಮೇಲೆಯೇ ಬರುತ್ತದೆ.

ಖಚಿತಪಡಿಸಿಕೊಳ್ಳಲು ಪಿಸ್ಟನ್ ಎತ್ತರ ಅಳೆಯಬೇಕು. ಪ್ಲಗ್ ರಂಧ್ರ ನೇರವಾಗಿರುವ ಎಂಜಿನ್ನಿನಲ್ಲಿ ಡಯಲ್ ಗೇಜಿನ ಉದ್ದನೆಯ ಕಡ್ಡಿ ಇಳಿಸಿ, ಪ್ರತಿ ಪಿಸ್ಟನ್ನನ್ನೂ ಕೈಯಿಂದ ಮೇಲಿನ ತುದಿಗೆ ತಂದು ಅಂಕಿ ಬರೆದುಕೊಳ್ಳಬೇಕು. ಮೊದಲು ಹೇಳಿದ 1200 ಸಿಸಿ ಎಂಜಿನ್ನಿನಲ್ಲಿ ಸಿಲಿಂಡರಿನ ವ್ಯಾಸ 72 ಮಿಲಿಮೀಟರ್ ಎಂದಿಟ್ಟುಕೊಂಡರೆ, ಪಿಸ್ಟನ್ 1 ಮಿಲಿಮೀಟರ್ ಕೆಳಗೆ ನಿಂತಾಗ ಮೇಲಿನ ಜಾಗ 33ರಿಂದ 37 ಮಿಲಿಲೀಟರಿಗೆ ಹಿಗ್ಗುತ್ತದೆ, ಕಂಪ್ರೆಷನ್ ಅನುಪಾತ 10ರಿಂದ ಸುಮಾರು 9ಕ್ಕೆ ಇಳಿಯುತ್ತದೆ, ಒತ್ತಡ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಕಿವಿಗೆ ಕೇಳಿಸದ ಹಾನಿ ಹೀಗೆ ಅಂಕಿಯಲ್ಲಿ ಕಾಣುತ್ತದೆ. ಒಂದು ಪಿಸ್ಟನ್ ಮಾತ್ರ ಗಿಡ್ಡವಾಗಿ ನಿಂತಿದ್ದರೆ ಮಾಲೀಕರಿಗೆ ಅಂಕಿಗಳನ್ನು ತೋರಿಸಿ, ಕಾರು ಓಡಿಸಬಾರದೆಂದು ಸ್ಪಷ್ಟವಾಗಿ ಹೇಳಿ, ಎಂಜಿನ್ ಇಳಿಸಬೇಕು.

ದೋಷ ಸರಿಯಾದ ಮೇಲೆ ಕೋಡ್‌ಗಳನ್ನು ಅಳಿಸಿ, ಎಂಜಿನ್ ಪೂರ್ತಿ ತಣ್ಣಗಾಗಲು ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆಯ ಮೊದಲ ಸ್ಟಾರ್ಟನ್ನು ಸ್ಕ್ಯಾನರ್ ಹಾಕಿಕೊಂಡೇ ನೋಡಬೇಕು. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಂಕಿ, ನೀರಿನ ಗೆರೆ ಎಲ್ಲಿಯವರೆಗೆ ಇತ್ತು, ಯಾವ ಕಪ್ಲರಿನಲ್ಲಿ ತೇವ ಸಿಕ್ಕಿತು ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆದಿಟ್ಟು ಒಂದು ಪ್ರತಿಯನ್ನು ಮಾಲೀಕರಿಗೆ ಕೊಡಬೇಕು. ಆಯಿಲಿನಲ್ಲಿ ನೀರು ಸೇರಿದ್ದ ಕಾರಿಗೆ ಕೆಲವು ನೂರು ಕಿಲೋಮೀಟರಿನ ನಂತರ ಮತ್ತೊಮ್ಮೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಆ ಹೊತ್ತಿಗೇ ಗೇರ್‌ಬಾಕ್ಸಿನ ಆಯಿಲನ್ನೂ ನೋಡಿ, ಕಾಯಿಲ್ ಕಪ್ಲರುಗಳನ್ನು ಇನ್ನೊಮ್ಮೆ ಕಳಚಿ ಹಸಿರು ಕಟ್ಟಿದೆಯೇ ಎಂದು ಪರೀಕ್ಷಿಸಬೇಕು.